ಬನ್ನಣ್ಣ ಬನ್ನು ಬಿಟ್ಟದ್ದು

ಬೀದಿಯ ತಿರುವಿನಲ್ಲಿರುವ ಬೇಕರಿಯ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದ ಮನುಷ್ಯ ಬನ್ನಣ್ಣ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕಾವಿಗೆ ಕೆಂಪಗಾದ ಕೆನ್ನೆ, ಎಣ್ಣೆ ಸವರಿದಂತೆ ಹೊಳೆಯುವ ಬೋಳು ತಲೆ, ಎಲ್ಲಿ ಒತ್ತಿದರೂ ಮತ್ತೆ ಉಬ್ಬಿ ಮೇಲೆ ಬರುವ ಮೈ. ಬೆಂದ ಮೇಲೆ ರುಚಿ ನೋಡಲು ಒಂದು ಚೂರು, ಆರಿದ ಮೇಲೆ ಸರಿಯಾಗಿ ಆರಿದೆಯೇ ಎಂದು ಒಂದು ಚೂರು, ಗಿರಾಕಿಗೆ ಕೊಡುವ ಮುಂಚೆ ಮನಸ್ಸಿನ ಸಮಾಧಾನಕ್ಕೆ ಇನ್ನೊಂದು ಚೂರು. ಹೀಗೆ ಕರ್ತವ್ಯದ ಭಾಗವಾಗಿಯೇ ಅವನ ಊಟ ಮುಗಿದುಹೋಗುತ್ತಿತ್ತು. ಅಂಥವನು ಇದ್ದಕ್ಕಿದ್ದಂತೆ ಬ್ರೆಡ್ಡು, ಬನ್ನು, ಬಿಸ್ಕತ್ತು ಎಲ್ಲವನ್ನೂ ಬಿಟ್ಟುಬಿಟ್ಟ. ಯಾಕೆ ಬಿಟ್ಟ ಎಂದು ಅವನು ಹೇಳುವಂತಿರಲಿಲ್ಲ. ಕೇಳದೆ ಸುಮ್ಮನಿರುವುದು ಬೀದಿಯಿಂದ ಆಗುವಂತಿರಲಿಲ್ಲ. ಇಷ್ಟಕ್ಕೇ ಒಂದು ಬೇಕರಿ ಬಾಗಿಲು ಮುಚ್ಚುವ ಹಂತಕ್ಕೆ ಬಂತು.

ಕಾರಣ ಅವನ ಮೊಮ್ಮಗಳು. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಹುಡುಗಿ. ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಯಾವ ಮಾತನ್ನೂ ಪಾಟೀಸವಾಲಿಲ್ಲದೆ ಒಪ್ಪಿಕೊಂಡವಳಲ್ಲ. ಅವಳಿಗೆ ಫಿಟ್ಸ್ ಬರುತ್ತಿತ್ತು. ಆಟದ ನಡುವೆ, ಊಟದ ನಡುವೆ, ಒಂದು ಪ್ರಶ್ನೆಯ ಅರ್ಧದಲ್ಲಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಮೈ ಸೆಟೆದು ಬಿದ್ದುಬಿಡುತ್ತಿದ್ದಳು. ಔಷಧಿಗಳನ್ನು ಬದಲಿಸಿ ಬದಲಿಸಿ ಡಾಕ್ಟರರಿಗೇ ಬೇಸರ ಬಂದಿತ್ತು. ಬನ್ನಣ್ಣನ ಅಳಿಯ ಮೊದಲ ಒಂದೆರಡು ಸಲ ಅದನ್ನು ನೋಡಿದ. ಆಮೇಲೆ ನೋಡಲು ಅವನು ಆ ಮನೆಯಲ್ಲೇ ಇರಲಿಲ್ಲ. ಹಿಂದಿನ ಶಾಲೆಯವರು, "ವಾಸಿಯಾದ ಮೇಲೆ ಕರ್ಕೊಂಡು ಬನ್ನಿ, ಖಂಡಿತ ಸೇರಿಸ್ಕೋತೀವಿ" ಎಂದು ಬಹಳ ಮರ್ಯಾದೆಯಿಂದ ಹೊರಗೆ ಕಳಿಸಿದರು. ಮಗಳು ಮಗುವನ್ನು ಕರೆದುಕೊಂಡು ಅಪ್ಪನ ಮನೆಗೆ ಬಂದಳು, ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು, ಮಗುವನ್ನು ಹೊಸ ಶಾಲೆಗೆ ಸೇರಿಸಿದಳು. ಅಪ್ಪನ ಹತ್ತಿರ ಕೇಳಿಕೊಂಡದ್ದು ಒಂದೇ ಮಾತು.

"ಅಪ್ಪ, ಈ ಬೀದೀಲಿ ಯಾರಿಗೂ ಗೊತ್ತಾಗೋದು ಬೇಡ. ಗೊತ್ತಾದ ಮೇಲೆ ಜನ ಅವಳನ್ನ ನೋಡೋದೇ ಬೇರೆ ಥರ. ಯಾವಾಗ ಬೀಳ್ತಾಳೆ ಅಂತ ಕಾಯೋ ಹಾಗೆ ನೋಡ್ತಾರೆ."

ಬನ್ನಣ್ಣ ಮಾತು ಕೊಟ್ಟ.

ಆಸ್ಪತ್ರೆಯ ದೊಡ್ಡ ಡಾಕ್ಟರು ಕೊನೆಗೆ ಅವರನ್ನು ಕೆಳಮಹಡಿಯ ಡಯಟ್ ಮೇಡಂ ಹತ್ತಿರ ಕಳಿಸಿದರು. ಮೇಡಂ ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಟ್ಟೆ, ಪ್ಲಾಸ್ಟಿಕ್ಕಿನ ಆಲೂಗಡ್ಡೆ, ಪ್ಲಾಸ್ಟಿಕ್ಕಿನ ಬ್ರೆಡ್ಡು ಸಾಲಾಗಿದ್ದವು. ಬನ್ನಣ್ಣ ಕುಳಿತ ಕೂಡಲೇ ಬ್ರೆಡ್ಡನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ನಿನ್ನೆಯದಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಕೆಳಗಿಟ್ಟ.

"ಹೊಸಬರಿಗೆ ಸುಲಭವಾಗಿ ಹೇಳ್ತೀನಿ ಕೇಳಿ," ಎಂದರು ಮೇಡಂ. "ನಾವು ತಿನ್ನೋ ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಎಲ್ಲ ಒಳಗೆ ಹೋಗಿ ಗ್ಲೂಕೋಸ್ ಆಗುತ್ತೆ. ಮೆದುಳು ಅದನ್ನೇ ಉರಿಸಿಕೊಂಡು ಕೆಲಸ ಮಾಡುತ್ತೆ. ಅದನ್ನ ತೀರಾ ಕಮ್ಮಿ ಮಾಡಿ ಬೆಣ್ಣೆ, ಕೆನೆ, ಎಣ್ಣೆ ಜಾಸ್ತಿ ಕೊಟ್ಟರೆ, ಮೈ ಕೊಬ್ಬಿನಿಂದ ಕೀಟೋನ್ ಅಂತ ಒಂದನ್ನ ಮಾಡ್ಕೊಳ್ಳುತ್ತೆ. ಮೆದುಳಿಗೆ ಅದೂ ನಡೆಯುತ್ತೆ. ಇದಕ್ಕೇ ಕೀಟೋ ಪದ್ಧತಿ ಅನ್ನೋದು. ಔಷಧಿಗೆ ಬಗ್ಗದ ಫಿಟ್ಸು ಕೆಲವು ಮಕ್ಕಳಲ್ಲಿ ಇದಕ್ಕೆ ಬಗ್ಗುತ್ತೆ. ಎಲ್ಲಾ ಮಕ್ಕಳಲ್ಲೂ ಅಲ್ಲ."

ಕೊನೆಯ ಮಾತು ತಂದೆ ಮಗಳಿಬ್ಬರಿಗೂ ಕೇಳಿಸಲಿಲ್ಲ. ಮೇಡಂ ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. ಇವರ ಕಿವಿ ಅದರ ಹಿಂದಿನ ವಾಕ್ಯದಲ್ಲೇ ನಿಂತುಬಿಟ್ಟಿತ್ತು.

ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಬೇಕು. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ, ಹಲ್ಲುಜ್ಜುವ ಪೇಸ್ಟನ್ನೂ ಕೇಳಿಯೇ ತರಬೇಕು. ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿದರೆ ದಾರಿ ಸರಿಯಿದೆ ಎಂದರ್ಥ. ಕದ್ದು ತಿಂದ ಒಂದು ತುಂಡು ಬಿಸ್ಕತ್ತು ಕೂಡ ಎಲ್ಲ ಶ್ರಮವನ್ನು ಹಾಳುಮಾಡಬಹುದು. ಬನ್ನಣ್ಣ ತಲೆಯಾಡಿಸುತ್ತ ಹೋದ. ಹೊರಗೆ ಬಂದ ಮೇಲೆ ಮೊಮ್ಮಗಳಿಗೆ ತನ್ನ ಭಾಷೆಯಲ್ಲಿ ತಿಳಿಸಿದ.

"ನೋಡು ವಕೀಲಮ್ಮ, ನಿನ್ನ ತಲೇಲಿ ಒಂದು ಒಲೆ ಇದೆ. ಇಷ್ಟು ದಿನ ನಾವು ಅದಕ್ಕೆ ಕಾಗದ ಹಾಕ್ತಿದ್ವಿ. ಭಗ್ ಅಂತ ಉರಿದು ಕಿಡಿ ಹಾರ್ತಿತ್ತು. ಇನ್ಮೇಲೆ ದಿಮ್ಮಿ ಹಾಕ್ತೀವಿ. ನಿಧಾನವಾಗಿ, ಒಂದೇ ಸಮ ಉರಿಯುತ್ತೆ."

"ಬನ್ನು ಕಾಗದವಾ?"

"ಹೂಂ, ಬನ್ನು ಕಾಗದ."

"ನಿನ್ನ ತಲೇಲೂ ಒಲೆ ಇದೆಯಾ?"

"ಇದೆ."

"ಅದಕ್ಕೆ ನೀನು ಯಾಕೆ ಕಾಗದ ಹಾಕ್ತೀಯ?"

ಬಸ್ ನಿಲ್ದಾಣದ ಬೆಂಚಿನ ಮೇಲೆ ಬನ್ನಣ್ಣ ಮೊಕದ್ದಮೆ ಸೋತ. ಅವಳು ತಿನ್ನದಿದ್ದರೆ ತಾನೂ ತಿನ್ನುವುದಿಲ್ಲ, ಬೇಕರಿಯಲ್ಲಿ ಯಾರೂ ನೋಡದಿದ್ದಾಗಲೂ ತಿನ್ನುವುದಿಲ್ಲ ಎಂದು ಬಸ್ಸು ಬರುವಷ್ಟರಲ್ಲಿ ಒಪ್ಪಿಗೆಯಾಯಿತು. ಮುಂದಿನ ಸಲ ಇದನ್ನು ಕೇಳಿದ ಮೇಡಂ, "ಇದು ಮಗುವಿಗೆ ಕೊಟ್ಟಿರೋ ಚಿಕಿತ್ಸೆ ಕಣ್ರೀ, ನೀವ್ಯಾಕೆ ಮಾಡ್ತಿದೀರ" ಎಂದು ಗದರಿಕೊಂಡರು. ಬನ್ನಣ್ಣ ಹೂಂ ಎಂದ. ಅವರ ಮಾತಿಗಿಂತ ವಕೀಲಮ್ಮನ ಮಾತಿನ ಭಯ ಅವನಿಗೆ ಹೆಚ್ಚು.

ಮೊದಮೊದಲು ಅವನ ತಲೆ ಸಿಡಿಯಿತು, ಕಾಲು ನಡುಗಿತು. ಆಮೇಲೆ ಬಾಯಿಂದ ಒಂದು ವಿಚಿತ್ರ ವಾಸನೆ ಬರತೊಡಗಿತು. ಉಗುರುಬಣ್ಣ ಅಳಿಸುವ ದ್ರವದ ಹಾಗೆ, ಹೊಸ ಪೇಂಟಿನ ಹಾಗೆ. ಮೈ ಇಳಿಯಿತು, ಅಂಗಿ ದೊಗಳೆಯಾಯಿತು. ಆಸೆಯಿಂದ ನೋಡುವ ಮಗುವಿನ ಹತ್ತಿರ ಬಿಸಿ ಬ್ರೆಡ್ಡಿನ ಘಮ ಹೊತ್ತುಕೊಂಡು ಹೋಗಬಾರದೆಂದು ಬೇಕರಿಯ ಹಿಂದಿನ ನಲ್ಲಿಯಲ್ಲೇ ಸೋಪು ಹಚ್ಚಿ ಉಜ್ಜಿ ಉಜ್ಜಿ ಸ್ನಾನಮಾಡಿ, ಬೇರೆ ಬಟ್ಟೆ ಹಾಕಿಕೊಂಡೇ ಮನೆಗೆ ಹೊರಡುತ್ತಿದ್ದ. ಇದನ್ನೆಲ್ಲ ಬೀದಿ ಗಮನಿಸಿತು. ಗಮನಿಸುವುದನ್ನು ನಮ್ಮ ಬೀದಿಗೆ ಯಾರೂ ಕಲಿಸಬೇಕಾಗಿಲ್ಲ.

ಎದುರುಮನೆಯಲ್ಲಿ ಎಕ್ಸ್‌ಚೇಂಜಮ್ಮ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲ ಕಳೆದು ನಿವೃತ್ತರಾದವರು. ಊರಿನ ಮಾತೆಲ್ಲ ಹಾದುಹೋಗಿ ಹಾದುಹೋಗಿ ಅವರ ಎಡಗಿವಿ ಸವೆದಿತ್ತು. ಸರ್ಕಾರ ಅವರಿಂದ ಕೆಲಸವನ್ನು ವಾಪಸು ಪಡೆದಿತ್ತೇ ಹೊರತು ಅಭ್ಯಾಸವನ್ನಲ್ಲ. ಈ ಮನೆಯ ಮಾತನ್ನು ಆ ಮನೆಗೆ ಜೋಡಿಸಿ ಕೊಡುವ ಸೇವೆಯನ್ನು ಅವರು ಈಗಲೂ ಪುಕ್ಕಟೆಯಾಗಿ ನಡೆಸುತ್ತಿದ್ದರು. ಅವರಲ್ಲಿ ಕೆಟ್ಟತನವಿರಲಿಲ್ಲ. ಲೈನ್ ಮಾತ್ರ ಸ್ವಲ್ಪ ಗೊರಗೊರ ಎನ್ನುತ್ತಿತ್ತು.

ಅವರ ತಂಗಿಯ ಮಗನಿಗೆ ಕೆಲಸ ಸಿಕ್ಕಿತೆಂದು ಕೇಕು ಹಂಚುತ್ತ ಒಂದು ಸಂಜೆ ಬನ್ನಣ್ಣನ ಮನೆಗೂ ಬಂದರು. ಬೆಳಿಗ್ಗೆ ಬನ್ನಣ್ಣನೇ ತನ್ನ ಕೈಯಾರೆ ಮಾಡಿದ್ದ ಕೇಕು ಅದು.

"ತಗೊಳ್ಳಿ ಬನ್ನಣ್ಣ, ಬಾಯಿ ಸಿಹಿ ಮಾಡ್ಕೊಳ್ಳಿ."

"ಬೇಡಿ ಅಕ್ಕ."

"ನೀವೇ ಮಾಡಿದ ಕೇಕು ನೀವೇ ಬೇಡ ಅಂದ್ರೆ ಹೇಗೆ?"

ಇಲ್ಲಿ ಬನ್ನಣ್ಣ ಹೊಟ್ಟೆ ಸರಿಯಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಆಸ್ಪತ್ರೆಗೆ ಓಡಾಡಿ ಓಡಾಡಿ ಅವನಿಗೆ ಒಂದು ದೊಡ್ಡ ಪದ ಸಿಕ್ಕಿತ್ತು. ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ವೈದ್ಯಕೀಯ ಪದ. ಅದನ್ನು ಎಲ್ಲಾದರೂ ಒಮ್ಮೆ ಉಪಯೋಗಿಸದಿದ್ದರೆ ಜೀವಕ್ಕೆ ಸಮಾಧಾನವಿರಲಿಲ್ಲ. ಒಳಗೆ ಮೊಮ್ಮಗಳಿಗೆ ಕೇಳಿಸದಂತೆ ಬಾಗಿ, ಎಕ್ಸ್‌ಚೇಂಜಮ್ಮನ ಕಿವಿಯ ಹತ್ತಿರ ಪಿಸುಗುಟ್ಟಿದ.

"ಕೀಟೋ, ಅಕ್ಕ. ಬ್ರೆಡ್ಡು, ಬನ್ನು, ಕೇಕು ಯಾವುದೂ ಮುಟ್ಟೋ ಹಾಗಿಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಬಾಗಿದ್ದು ಎಡಗಿವಿಗೆ. ಆ ಕಿವಿ ಒಂದು ಸ್ವರವನ್ನು ಕಳೆದುಕೊಂಡು ಉಳಿದದ್ದನ್ನು ನಿಷ್ಠೆಯಿಂದ ಒಳಗೆ ತಲುಪಿಸಿತು. ಕೀಟ. ಬ್ರೆಡ್ಡು ಬನ್ನು ಮುಟ್ಟುವ ಹಾಗಿಲ್ಲ. ಯಾರಿಗೂ ಹೇಳಬೇಡಿ.

ಎಕ್ಸ್‌ಚೇಂಜಮ್ಮ ಕೈಯಲ್ಲಿದ್ದ ಕೇಕನ್ನೊಮ್ಮೆ ನೋಡಿದರು, ಬನ್ನಣ್ಣನ ಸೊರಗಿದ ಮುಖವನ್ನೊಮ್ಮೆ ನೋಡಿದರು. "ಅಯ್ಯೋ ಪಾಪ, ಎಷ್ಟು ದಿನದಿಂದ?" ಎಂದು ಮೆಲ್ಲಗೆ ಕೇಳಿದರು.

"ಒಂದು ತಿಂಗಳಿಂದ," ಎಂದ ಬನ್ನಣ್ಣ ಪ್ರಾಮಾಣಿಕವಾಗಿ.

ಮಾರನೆಯ ದಿನ ಬೀದಿಗೆಲ್ಲ ಗೊತ್ತಾಯಿತು, ಬೇಕರಿಯ ಹಿಟ್ಟಿನಲ್ಲಿ ಒಂದು ತಿಂಗಳಿಂದ ಕೀಟವಿದೆ ಎಂದು. ಯಾರಿಗೂ ಹೇಳಬೇಡಿ ಎಂಬ ಮಾತನ್ನೂ ಸೇರಿಸಿಯೇ ಪ್ರತಿ ಮನೆಗೂ ತಲುಪಿಸಲಾಗಿತ್ತು. ಆಮೇಲೆ ಸಾಕ್ಷ್ಯಗಳಿಗೆ ಬರವಿರಲಿಲ್ಲ. ಬನ್ನಣ್ಣ ಕೆಲಸ ಮುಗಿಸಿ ಮೈ ಉಜ್ಜುವುದು ಯಾಕೆ? ಹುಳ ಹತ್ತಿಕೊಂಡಿರುತ್ತೆ. ಬಟ್ಟೆ ಬದಲಾಯಿಸುವುದು ಯಾಕೆ? ಅದಕ್ಕೇ. ಅವನ ಬಾಯಿಂದ ಬರುವ ಆ ವಾಸನೆ? ಕೀಟನಾಶಕ, ದಿನವಿಡೀ ಹಿಟ್ಟಿಗೆ ಹೊಡೆಯುತ್ತಾನಲ್ಲ, ಪಾಪ, ಅವನ ಮೈಗೇ ಇಳಿದುಬಿಟ್ಟಿದೆ.

ನಮ್ಮ ಬೀದಿಯ ನಿವೃತ್ತ ಹೆಡ್ಮಾಸ್ತರರು ದ್ರಾಕ್ಷಿ ಬ್ರೆಡ್ಡನ್ನೂ ಒಂದು ಭೂತಗನ್ನಡಿಯನ್ನೂ ಹಿಡಿದುಕೊಂಡು ಬೇಕರಿಗೆ ಬಂದರು. ಗಿರಾಕಿಗಳ ಎದುರಿಗೇ ಕಟ್ಟೆಯ ಮೇಲೆ ಕಾಗದ ಹಾಸಿ, ಒಂದು ದ್ರಾಕ್ಷಿಯನ್ನು ಸೂಜಿಯಿಂದ ಹೊರಗೆಳೆದರು.

"ಇದಕ್ಕೆ ಕಾಲಿದೆ," ಎಂದರು.

"ಸಾರ್, ಅದು ದ್ರಾಕ್ಷಿ ತೊಟ್ಟು," ಎಂದರು ಬೇಕರಿ ಯಜಮಾನರು.

"ಉಳಿದ ದ್ರಾಕ್ಷಿಗಳಿಗೆ ಯಾಕಿಲ್ಲ?"

ಯಜಮಾನರು ಆ ಬ್ರೆಡ್ಡಿನ ದುಡ್ಡನ್ನು ವಾಪಸು ಕೊಟ್ಟರು. ತಂದೆಯಿಂದ ಬಂದ ಬೇಕರಿಯನ್ನು ಹೆದರಿ ಹೆದರಿಯೇ ನಡೆಸಿಕೊಂಡು ಬಂದ ಸಾಧು ಮನುಷ್ಯ ಅವರು. ಬನ್ನಣ್ಣನನ್ನು ಒಳಗೆ ಕರೆದು, "ನೀನು ನಮ್ಮ ಬ್ರೆಡ್ಡು ತಿನ್ನಲ್ವಂತೆ, ಯಾಕೆ?" ಎಂದು ಕೇಳಿದರು. ಬನ್ನಣ್ಣ ಹಲ್ಲುನೋವು ಎಂದ. ಅದಕ್ಕೆ ಮೊದಲು ಹೆಡ್ಮಾಸ್ತರರಿಗೆ ಹೊಟ್ಟೆನೋವು ಎಂದಿದ್ದ. ಹಾಲಿನವನು ಕೇಳಿದಾಗ ಯಾಕೋ ಬೇಜಾರು ಬಂತು ಎಂದಿದ್ದ. ಸುಳ್ಳು ಹೇಳಿ ರೂಢಿಯಿಲ್ಲದವನಿಗೆ ಒಂದೇ ಸುಳ್ಳನ್ನು ಎಲ್ಲರಿಗೂ ಹೇಳಬೇಕು ಎಂಬುದು ಹೊಳೆದಿರಲಿಲ್ಲ. ಸಂಜೆಯೊಳಗೆ ಮೂರು ಸುಳ್ಳುಗಳೂ ಹಾಲಿನ ಬೂತಿನ ಮುಂದೆ ಎದುರಾಬದುರಾದವು.

ಯಜಮಾನರು ಗಾಬರಿಯಲ್ಲಿ ಮಾಡಬಾರದ ಕೆಲಸ ಮಾಡಿದರು. ಕೀಟ ನಿಯಂತ್ರಣದವರನ್ನು ಕರೆಸಿದರು. ಮೈತುಂಬ ದೊಡ್ಡ ಜಿರಳೆಯ ಚಿತ್ರ ಬಿಡಿಸಿದ ಅವರ ವ್ಯಾನು ಬೆಳಿಗ್ಗೆ ಹೊತ್ತಿನಲ್ಲಿ ಬೇಕರಿಯ ಮುಂದೆಯೇ ಬಂದು ನಿಂತಿತು. ಮುಖವಾಡ ಹಾಕಿಕೊಂಡು ಬೆನ್ನಿಗೆ ಡಬ್ಬ ಕಟ್ಟಿಕೊಂಡ ಮನುಷ್ಯ ಒಳಗೆ ಹೋಗಿ, ಹುಡುಕಿ ಹುಡುಕಿ ಹೊರಗೆ ಬಂದು, "ಏನೂ ಇಲ್ವಲ್ಲ ಸ್ವಾಮಿ, ಯಾವುದಕ್ಕೆ ಹೊಡೀಲಿ?" ಎಂದ. ಅವನ ಮಾತು ಮುಖವಾಡದೊಳಗೇ ಉಳಿಯಿತು. ಜಿರಳೆಯ ಚಿತ್ರ ಮಾತ್ರ ಇಡೀ ಬೀದಿಗೆ ಕಾಣಿಸಿತು. ಅವತ್ತಿನಿಂದ ಬೇಕರಿಗೆ ಬಂದವರು ದಾರಿ ಕೇಳುವವರು ಮಾತ್ರ. ಹಿಟ್ಟು ನಾದುವ ಇಬ್ಬರು ಕೆಲಸಗಾರರು ಕೈಕಟ್ಟಿ ಕೂತರು. ಸಂಜೆ ಉಳಿದ ಬ್ರೆಡ್ಡನ್ನು ಬುಟ್ಟಿಗಟ್ಟಲೆ ಹೊರಗೆ ಸುರಿಯುವಾಗ ಯಜಮಾನರು ಆಚೆ ತಿರುಗಿಕೊಳ್ಳುತ್ತಿದ್ದರು.

ಬನ್ನಣ್ಣನಿಗೆ ಈ ಕೀಟದ ಮೂಲ ಎಲ್ಲಿದೆ ಎಂದು ಹೊಳೆದಾಗ ಕಾಲ ಮಿಂಚಿತ್ತು. ಎಕ್ಸ್‌ಚೇಂಜಮ್ಮನ ಮನೆಗೆ ಓಡಿದ.

"ಅಕ್ಕ, ಅದು ಕೀಟ ಅಲ್ಲ. ಕೀಟೋ. ಅದೊಂದು ಊಟದ ಪದ್ಧತಿ."

ಎಕ್ಸ್‌ಚೇಂಜಮ್ಮ ಅವನ ಕೈ ಹಿಡಿದುಕೊಂಡರು. "ಯಜಮಾನರು ಹೀಗೆ ಹೇಳು ಅಂದ್ರಾ?"

"ಇಲ್ಲ ಅಕ್ಕ."

"ಮತ್ತೆ ಯಾಕೆ ಆ ಪದ್ಧತಿ? ಯಾರಿಗೆ ಏನಾಗಿದೆ?"

ಬನ್ನಣ್ಣ ಬಾಯಿ ತೆರೆದ. ಮಗಳ ಮುಖ ನೆನಪಾಯಿತು. ಬಾಯಿ ಮುಚ್ಚಿದ. ಎಕ್ಸ್‌ಚೇಂಜಮ್ಮನಿಗೆ ಕಣ್ಣಲ್ಲಿ ನೀರು ಬಂತು. "ಹೆದರಿಸಿದಾರೆ ಪಾಪ ನಿಮ್ಮನ್ನ," ಎಂದರು. ಮಧ್ಯಾಹ್ನದೊಳಗೆ ಆ ಸುದ್ದಿಯೂ ತಲುಪಬೇಕಾದ ಮನೆಗಳಿಗೆ ತಲುಪಿತು.

ಕೊನೆಗೆ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಉದ್ದನೆಯ ಮನುಷ್ಯ, ಹಗಲಲ್ಲೂ ಕೈಯಲ್ಲಿ ಟಾರ್ಚು. ಹಿಟ್ಟಿನ ಡಬ್ಬಗಳೊಳಗೆ ಬೆಳಕು ಬಿಟ್ಟರು, ಜರಡಿಯನ್ನು ಬಿಸಿಲಿಗೆ ಹಿಡಿದರು, ಒಲೆಯ ಹಿಂದೆ ಮಂಡಿಯೂರಿ ಮೂಸಿದರು. ಬೇಕರಿಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಇನ್‌ಸ್ಪೆಕ್ಟರು ಮೊಣಕಾಲಿನ ಧೂಳು ಒರೆಸಿಕೊಳ್ಳಲು ಹೋಗಿ, ಒರೆಸಲು ಧೂಳೇ ಇಲ್ಲದ್ದನ್ನು ಕಂಡು ಸ್ವಲ್ಪ ನಿರಾಶರಾಗಿ ಹೊರಗೆ ಬಂದರು.

"ನನ್ನ ಸರ್ವೀಸಿನಲ್ಲಿ ಇಷ್ಟು ಚೊಕ್ಕಟವಾದ ಬೇಕರಿ ನೋಡಿಲ್ಲ," ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂದ್ರೆ ಎಲ್ಲ ಮುಂಚೆನೇ ಸಾಗಿಸಿದಾರೆ," ಎಂದಿತು ಒಂದು ದನಿ.

ಹೆಡ್ಮಾಸ್ತರರು ಮುಂದೆ ಬಂದರು. "ಸ್ವಾಮಿ, ಪರೀಕ್ಷೆ ಬಹಳ ಸುಲಭ. ಮಾಡಿದವನೇ ತಿಂದು ತೋರಿಸಲಿ. ಬನ್ನಣ್ಣ ನಮ್ಮೆಲ್ಲರ ಎದುರಿಗೆ ಒಂದು ತುಂಡು ತಿಂದರೆ ನಾವೂ ತಿಂತೀವಿ."

ಇಂಥ ಪರೀಕ್ಷೆ ಇಲಾಖೆಯ ಯಾವ ನಿಯಮದಲ್ಲೂ ಇರಲಿಲ್ಲ. ಆದರೆ ಇನ್‌ಸ್ಪೆಕ್ಟರರಿಗೂ ಮನೆಗೆ ಹೋಗುವ ಹೊತ್ತಾಗಿತ್ತು. "ಆಗಬಹುದು," ಎಂದರು.

ಯಜಮಾನರು ಒಂದು ತುಂಡು ಬ್ರೆಡ್ಡು ತಂದು ಬನ್ನಣ್ಣನ ಕೈಗಿಟ್ಟರು. "ಒಂದೇ ತುಂಡು ಬನ್ನಣ್ಣ. ಈ ಒಲೆ ಆರಿದರೆ ನಾವೆಲ್ಲ ಎಲ್ಲಿಗೆ ಹೋಗೋದು," ಎಂದು ಅವನಿಗೆ ಮಾತ್ರ ಕೇಳಿಸುವಂತೆ ಹೇಳಿದರು. ನಾದುವ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು.

ಬನ್ನಣ್ಣ ತಲೆಯೆತ್ತಿ ನೋಡಿದ. ಶಾಲೆ ಬಿಟ್ಟ ಹೊತ್ತು. ಜನರ ಮುಂದಿನ ಸಾಲಿನಲ್ಲೇ ಮಗಳು ನಿಂತಿದ್ದಳು, ಪಕ್ಕದಲ್ಲಿ ಚೀಲ ಬೆನ್ನಿಗೇರಿಸಿಕೊಂಡು ವಕೀಲಮ್ಮ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಈ ಮಗುವಿಗೆ ಫಿಟ್ಸ್ ಬರುತ್ತದೆ, ಅವಳಿಗೋಸ್ಕರ ಬಿಟ್ಟಿದ್ದೇನೆ ಎಂದರೆ ಇಡೀ ಬೀದಿ ತಲೆತಗ್ಗಿಸುತ್ತಿತ್ತು. ಮಗಳಿಗೆ ಅದು ಅರ್ಥವಾಯಿತು. ಅವಳು ಬೇಡ ಎಂಬಂತೆ ತಲೆಯಾಡಿಸಿದಳು. ಹೇಳಬೇಡ. ಅವಳ ಪಕ್ಕದಲ್ಲಿ ವಕೀಲಮ್ಮನೂ ತಲೆಯಾಡಿಸುತ್ತಿದ್ದಳು. ಅವಳು ಹೇಳುತ್ತಿದ್ದದ್ದು ಬೇರೆ. ತಿನ್ನಬೇಡ.

ಬನ್ನಣ್ಣ ತಿಂದ.

ಬೀದಿಯ ಕಣ್ಣೆಲ್ಲ ಅವನ ಗಂಟಲಿನ ಮೇಲಿತ್ತು. ಅವನು ಅಗಿದ, ನುಂಗಿದ, ಮತ್ತೆ ಕಚ್ಚಿದ. ಒಂದು ಚೂರೂ ಕೆಳಗೆ ಬೀಳಿಸದೆ ಪೂರ್ತಿ ತುಂಡು ಮುಗಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. "ನೋಡಿ, ಎಷ್ಟು ಆಸೆಪಟ್ಟು ತಿಂತಿದಾನೆ," ಎಂದರು ಎಕ್ಸ್‌ಚೇಂಜಮ್ಮ. ಇನ್‌ಸ್ಪೆಕ್ಟರು ಬನ್ನಣ್ಣನ ಕೈ ಕುಲುಕಿದರು. ಹೆಡ್ಮಾಸ್ತರರು ಅಲ್ಲೇ ನಿಂತು ದ್ರಾಕ್ಷಿ ಬ್ರೆಡ್ಡು ಕೊಂಡರು. ಗದ್ದಲ ಕರಗಿದ ಮೇಲೆ ಬನ್ನಣ್ಣ ನೋಡಿದರೆ ಮುಂದಿನ ಸಾಲಿನಲ್ಲಿ ತಾಯಿ ಮಗಳಿಬ್ಬರೂ ಇರಲಿಲ್ಲ.

ಅವನು ಮನೆಗೆ ಬಂದಾಗ ವಕೀಲಮ್ಮ ಊಟಕ್ಕೆ ಕೂತಿದ್ದಳು. ತೂಗಿ ಇಟ್ಟ ಮೊಟ್ಟೆ, ಅದರ ಮೇಲೆ ತೂಗಿ ಸುರಿದ ಕೆನೆ, ಪಕ್ಕದಲ್ಲಿ ಒಂದು ಉಂಡೆ ಬೆಣ್ಣೆ. ಪುಟ್ಟ ತಕ್ಕಡಿ ಇನ್ನೂ ಮೇಜಿನ ಮೇಲೇ ಇತ್ತು. ಬನ್ನಣ್ಣ ಎದುರಿಗೆ ಕುಳಿತ. ಮಗಳು ಒಲೆಯ ಕಡೆ ಮುಖಮಾಡಿ ನಿಂತಿದ್ದಳು.

"ತಿಂದೆಯಾ?" ಎಂದಳು ವಕೀಲಮ್ಮ.

"ತಿಂದೆ."

"ನುಂಗಿದೆಯಾ?"

"ನುಂಗಿದೆ."

ಅವಳು ಬೆಣ್ಣೆಯನ್ನು ಚಮಚದ ತುದಿಯಿಂದ ಅತ್ತ ಇತ್ತ ತಳ್ಳಿದಳು. "ಹೇಗಿತ್ತು?"

"ಚೆನ್ನಾಗಿರಲಿಲ್ಲ. ರಬ್ಬರ್ ತಿಂದ ಹಾಗಿತ್ತು."

"ಸುಳ್ಳು ಹೇಳಬಾರದು."

ಬನ್ನಣ್ಣ ಮಗಳ ಬೆನ್ನನ್ನು ನೋಡಿದ. ಮಗಳು ತಿರುಗಲಿಲ್ಲ. ಅವನು ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಹೇಳತೊಡಗಿದ. "ಮೇಲಿನ ಪದರ ಇದೆಯಲ್ಲ, ಅದು ಮೊದಲು ಹಲ್ಲಿಗೆ ಸಿಕ್ಕಿತು. ಸ್ವಲ್ಪ ಗಟ್ಟಿ, ಒಂಚೂರು ಕಹಿ. ಅದು ಮುರಿದ ಮೇಲೆ ಒಳಗಡೆ ಹತ್ತಿ ಥರ. ನಾಲಿಗೆ ಮೇಲೆ ಇಟ್ಟರೆ ಮೊದಲು ಏನೂ ರುಚಿ ಇರಲ್ಲ. ಅಗೀತಾ ಅಗೀತಾ ಸಿಹಿ ಬರುತ್ತೆ. ಸಕ್ಕರೆ ಸಿಹಿ ಅಲ್ಲ, ಹಾಲಿನ ಸಿಹಿ."

"ನಿಧಾನವಾಗಿ ಹೇಳು," ಎಂದಳು ಅವಳು. ಕಣ್ಣು ಮುಚ್ಚಿಕೊಂಡು ಬೆಣ್ಣೆಯನ್ನು ಬಾಯಿಗಿಟ್ಟುಕೊಂಡಳು.

ಊಟ ಮುಗಿಯುವವರೆಗೂ ಅವನು ಹೇಳಿದ. ತಟ್ಟೆ ಖಾಲಿಯಾಯಿತು. ಎಷ್ಟೋ ದಿನಗಳಿಂದ ಬೇಡಿ, ಬೈದು, ಅತ್ತು ಖಾಲಿ ಮಾಡಿಸುತ್ತಿದ್ದ ತಟ್ಟೆ ಅದು. ಆಮೇಲೆ ತೀರ್ಪು ಬಂತು. ಮಾತು ತಪ್ಪಿದವನಿಗೆ ಶಿಕ್ಷೆಯಾಗಲೇಬೇಕು. ಇನ್ನು ದಿನವೂ ಬೇಕರಿಯಲ್ಲಿ ಒಂದೊಂದನ್ನು ತಿನ್ನಬೇಕು, ಸಂಜೆ ಬಂದು ಸುಳ್ಳಿಲ್ಲದೆ ಹೇಳಬೇಕು.

ಬನ್ನಣ್ಣನಿಗೆ ಅಷ್ಟು ಕಷ್ಟದ ಕೆಲಸ ಜೀವನದಲ್ಲಿ ಬಂದಿರಲಿಲ್ಲ. ಇಷ್ಟು ವರ್ಷ ತಿಂದಿದ್ದನೇ ಹೊರತು ಏನು ತಿನ್ನುತ್ತಿದ್ದೇನೆ ಎಂದು ಗಮನಿಸಿದವನಲ್ಲ. ಈಗ ಒಂದು ರಸ್ಕನ್ನು ಕಿವಿಯ ಹತ್ತಿರ ಹಿಡಿದು ಮುರಿದು ಸದ್ದು ಕೇಳುತ್ತಿದ್ದ. ಬಿಸ್ಕತ್ತನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿ ನಿಂತುಬಿಡುತ್ತಿದ್ದ. "ಬನ್ನಣ್ಣನಿಗೆ ಮತ್ತೆ ಬಾಯಿರುಚಿ ಹತ್ತಿದೆ," ಎಂದು ಬೀದಿ ಸಂತೋಷಪಟ್ಟಿತು. ಅಂಗಿ ಮತ್ತೆ ಬಿಗಿಯಾಯಿತು. ಸಂಜೆ ಅವನ ಬಾಯಿಂದ ಒಂದೊಂದೇ ತಿಂಡಿ ಬರುತ್ತಿತ್ತು, ವಕೀಲಮ್ಮನ ತಟ್ಟೆಯಿಂದ ಒಂದೊಂದೇ ಚಮಚ ಕೆನೆ ಖಾಲಿಯಾಗುತ್ತಿತ್ತು. ಫಿಟ್ಸು ಕಡಿಮೆಯಾಗಿತ್ತು. ವಾರವಿಡೀ ಬರದೆ ಇದ್ದದ್ದೂ ಉಂಟು. ಮಗಳು ಇಸ್ತ್ರಿ ಮಾಡುತ್ತ ಏನೋ ಗುನುಗುತ್ತಿದ್ದಳೆಂದು ಡ್ರೈಕ್ಲೀನಿಂಗ್ ಅಂಗಡಿಯವರು ಹೇಳಿದರು.

ಆಮೇಲೆ ಫಿಟ್ಸು ಮರಳಿ ಬಂತು. ಮೊದಲು ಆಗೊಮ್ಮೆ ಈಗೊಮ್ಮೆ, ಆಮೇಲೆ ಹಿಂದಿನಷ್ಟೇ. ಪಟ್ಟಿ ನೇರಳೆಯಾಗಿಯೇ ಇತ್ತು. ತೂಕ ತಪ್ಪಿರಲಿಲ್ಲ, ಅವಳು ಕದ್ದು ತಿಂದಿರಲಿಲ್ಲ. ಡಯಟ್ ಮೇಡಂ ಮತ್ತು ದೊಡ್ಡ ಡಾಕ್ಟರು ಬಹಳ ಹೊತ್ತು ಮಾತಾಡಿಕೊಂಡರು.

"ನಿಲ್ಲಿಸೋಣ," ಎಂದರು ಮೇಡಂ. "ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಕೆಲವು ಮಕ್ಕಳಿಗೆ ಇದು ಹಿಡಿಯಲ್ಲ. ಯಾರ ತಪ್ಪೂ ಅಲ್ಲ. ಬೇರೆ ಔಷಧಿ ನೋಡ್ತಾರೆ."

ಮಗಳು ಎದ್ದು ಹೊರಗೆ ಹೋದಳು. ಬನ್ನಣ್ಣ ಕುಳಿತೇ ಇದ್ದ. ಪ್ಲಾಸ್ಟಿಕ್ಕಿನ ಬ್ರೆಡ್ಡನ್ನು ನೋಡುತ್ತ ಮೆಲ್ಲಗೆ ಕೇಳಿದ. "ಮೇಡಂ, ನಾನು ನಡುವೆ ಬ್ರೆಡ್ಡು ತಿಂದುಬಿಟ್ಟೆ. ಆಮೇಲೂ ದಿನಾ ತಿಂದೆ. ಅದರಿಂದ ಏನಾದ್ರೂ..."

ಮೇಡಂ ಅವನನ್ನೇ ನೋಡಿದರು. ನಗು ಬರುವಂಥ ಪ್ರಶ್ನೆಯೇ. ಅವರು ನಗಲಿಲ್ಲ. "ನೀವು ತಿಂದರೆ ಅವಳಿಗೆ ಏನೂ ಆಗಲ್ಲ," ಎಂದರು. "ಖಂಡಿತ ಆಗಲ್ಲ."

ಬನ್ನಣ್ಣ ತಲೆಯಾಡಿಸಿದ. ನಂಬಿದನೋ ಇಲ್ಲವೋ ಹೇಳುವುದು ಕಷ್ಟ.

ಬಸ್ಸಿನಲ್ಲಿ ವಕೀಲಮ್ಮ ಕೇಳಿದಳು. "ತಾತ, ಇನ್ಮೇಲೆ ನಾನು ಬನ್ನು ತಿನ್ನಬಹುದಾ?"

"ಇನ್ನೊಂದಿಷ್ಟು ದಿನ ಆದ್ಮೇಲೆ ತಿನ್ನಬಹುದು."

"ದಿನಾ?"

"ದಿನಾ."

"ಹಾಗಾದ್ರೆ ನಾವು ಸೋತ್ವಾ?"

ಬನ್ನಣ್ಣ ಕಿಟಕಿಯಾಚೆ ನೋಡಿದ. "ಸೋತಿಲ್ಲ. ಕೇಸು ಮುಂದಕ್ಕೆ ಹಾಕಿದಾರೆ," ಎಂದ. ಅವಳು ಸ್ವಲ್ಪ ಯೋಚಿಸಿ ಅದನ್ನು ಒಪ್ಪಿಕೊಂಡಳು.

ಬೆಣ್ಣೆ ಕೆನೆಗಳನ್ನು ಇಳಿಸುತ್ತ ಇಳಿಸುತ್ತ ಬನ್ನಿಗೆ ಅಪ್ಪಣೆ ಸಿಕ್ಕಿದ ದಿನ ಮಗಳು ಅವಳನ್ನು ಬೇಕರಿಗೆ ಕರೆತಂದು ಬಿಟ್ಟಳು. "ನೀನೇ ಕೊಡಪ್ಪ. ನನ್ನಿಂದ ನೋಡೋಕಾಗಲ್ಲ," ಎಂದು ಕೆಲಸಕ್ಕೆ ಹೊರಟುಹೋದಳು. ಬನ್ನಣ್ಣ ನಸುಕಿನಲ್ಲೇ ಬಂದು ಒಂದು ಬನ್ನನ್ನು ಬೇರೆಯೇ ನಾದಿ, ಬೇರೆಯೇ ಬೇಯಿಸಿಟ್ಟಿದ್ದ. ಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಕೈಗೆ ಕೊಟ್ಟ. ಅವಳು ಕಚ್ಚಿದಳು. ಬಹಳ ಹೊತ್ತು ಅಗಿದಳು.

"ಹೇಗಿದೆ?"

"ಚೆನ್ನಾಗಿದೆ." ಅವಳಿಗೂ ಸುಳ್ಳು ಹೇಳಿ ರೂಢಿಯಿರಲಿಲ್ಲ. "ನೀನು ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತು," ಎಂದಳು.

ರಸ್ತೆಯಿಂದ ಎಕ್ಸ್‌ಚೇಂಜಮ್ಮ ಇದನ್ನು ಕಂಡರು. ಬನ್ನಣ್ಣನ ಮೊಮ್ಮಗಳು ಬೇಕರಿಯ ತಿಂಡಿ ಮುಟ್ಟಿದ್ದನ್ನು ಬೀದಿಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಆ ಒಂದು ಸಣ್ಣ ಅನುಮಾನ ಜನರ ಮನಸ್ಸಿನ ಮೂಲೆಯಲ್ಲಿ ಇನ್ನೂ ಉಳಿದಿತ್ತು. ಈಗ ಅದೂ ಹೋಯಿತು. "ಸ್ವಂತ ಮೊಮ್ಮಗಳಿಗೇ ಕೊಡ್ತಿದಾನೆ ಅಂದ್ಮೇಲೆ ಇನ್ನೇನು," ಎಂದು ಅವರು ಮೂರು ಮನೆಗೆ ಲೈನ್ ಜೋಡಿಸಿದರು. ನೋಡುನೋಡುತ್ತಿದ್ದಂತೆ ಬೇಕರಿಯ ಮುಂದೆ ಜನ. ಹೆಡ್ಮಾಸ್ತರರು ಭೂತಗನ್ನಡಿಯಿಲ್ಲದೆ ಬಂದರು. ಎಲ್ಲರಿಗೂ ಬನ್ನೇ ಬೇಕು, ಆ ಮಗು ತಿನ್ನುತ್ತಿರುವಂಥದ್ದೇ ಬೇಕು. ನಾದುವವರಿಬ್ಬರೂ ಕಟ್ಟೆಯಲ್ಲಿ ಕಟ್ಟಿಕೊಡಲು ನಿಂತರು. ಯಜಮಾನರು ನಗುತ್ತ ಒಳಗೂ ಹೊರಗೂ ಓಡಾಡಿದರು. ಗದ್ದಲದಲ್ಲಿ ಮಗು ನಲುಗುತ್ತದೆಂದು ಬನ್ನಣ್ಣ ಅವಳನ್ನು ಒಳಗೆ ಕರೆದೊಯ್ದು ಹಿಟ್ಟಿನ ಮೂಟೆಗಳ ಹತ್ತಿರ ಕೂರಿಸಿ, ಇನ್ನೊಂದು ತಟ್ಟೆ ಬನ್ನನ್ನು ಒಲೆಗೆ ತಳ್ಳಿದ.

ತಿರುಗಿ ನೋಡುವಷ್ಟರಲ್ಲಿ ಅವಳ ಕೈಯಿಂದ ಅರ್ಧ ಬನ್ನು ಕೆಳಗೆ ಬಿದ್ದಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ಬನ್ನಣ್ಣ ಅವಳನ್ನು ನೆಲಕ್ಕೆ ಇಳಿಸಿ, ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ತನ್ನ ಅಂಗೈ ಇಟ್ಟ. ಬಾಯಲ್ಲಿದ್ದ ಅಗಿದ ಬನ್ನು ತಾನಾಗಿ ಕೆನ್ನೆಯ ಮೇಲೆ ಜಾರಿ ಬಂತು, ಅದನ್ನು ಒರೆಸಿದ. ಅಂಗಿಯ ಗುಂಡಿ ಸಡಿಲಿಸಿ, ಪಕ್ಕದಲ್ಲೇ ಕೂತುಬಿಟ್ಟ. ಇದನ್ನೆಲ್ಲ ಅವನ ಕೈ ತಾನೇ ಮಾಡಿತು; ಅಷ್ಟು ಸಲ ಮಾಡಿತ್ತು. ಹೊರಗಿನಿಂದ, "ಬನ್ನಣ್ಣ, ಬನ್ನು," ಎಂದು ಕೂಗುತ್ತಿದ್ದರು.

ಯಜಮಾನರು ನಗುತ್ತಲೇ ಒಳಗೆ ಬಂದರು. "ಎಷ್ಟು ತಂದಿಟ್ಟರೂ ಸಾಲ್ತಿಲ್ಲ ಮಾರಾಯ..." ಎಂದವರು ಅಲ್ಲೇ ನಿಂತರು. ಮಗುವಿನ ಸೆಟೆದ ಕಾಲುಗಳನ್ನು ನೋಡಿದರು, ಕೆಳಗೆ ಬಿದ್ದ ಬನ್ನನ್ನು ನೋಡಿದರು, ಬನ್ನಣ್ಣನ ಮುಖ ನೋಡಿದರು. ಹಲ್ಲುನೋವು, ಹೊಟ್ಟೆನೋವು, ನಲ್ಲಿಯ ಸ್ನಾನ, ಆ ದಿನ ಬ್ರೆಡ್ಡು ತಿನ್ನುವಾಗಿನ ಕಣ್ಣೀರು ಎಲ್ಲವೂ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದವು. ಹೊರಗೆ ಹೋದರು.

"ಇವತ್ತಿಗೆ ಮುಗೀತು," ಎಂಬ ಅವರ ದನಿ ಕೇಳಿಸಿತು. "ಎಲ್ಲ ಖರ್ಚಾಗಿ ಹೋಯ್ತು. ನಾಳೆ ಬನ್ನಿ." ಷಟರು ದಡದಡ ಎಂದು ಕೆಳಗಿಳಿಯಿತು. ಜನ ಗೊಣಗುತ್ತ, ಆದರೆ ಖುಷಿಯಿಂದಲೇ ಚದುರಿದರು. ಬೇಕರಿಗೆ ಎಂಥ ಒಳ್ಳೆಯ ಕಾಲ ಬಂತು, ಮಧ್ಯಾಹ್ನವಾಗುವ ಮೊದಲೇ ಎಲ್ಲ ಖಾಲಿ ಎಂದು ಮಾತಾಡಿಕೊಂಡು ಹೋದರು.

ಯಜಮಾನರು ಮರಳಿ ಬಂದು ಬನ್ನಣ್ಣನ ಪಕ್ಕದಲ್ಲಿ, ಹಿಟ್ಟು ಚೆಲ್ಲಿದ ನೆಲದ ಮೇಲೆ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತರು.

"ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಮಗಳಿಗೆ ಮಾತು ಕೊಟ್ಟಿದ್ದೆ."

ಯಜಮಾನರು ಕೆಳಗೆ ಬಿದ್ದಿದ್ದ ಅರ್ಧ ಬನ್ನನ್ನು ಎತ್ತಿ ಪಕ್ಕಕ್ಕಿಟ್ಟರು. "ನಾನೂ ಹೇಳಲ್ಲ ಬಿಡು," ಎಂದರು.

ಮಗುವಿನ ಮೈ ಸಡಿಲವಾಯಿತು. ಉಸಿರು ಸರಾಗವಾಯಿತು. ಒಲೆಯೊಳಗೆ ತಟ್ಟೆಯಲ್ಲಿದ್ದ ಬನ್ನುಗಳು ಕೆಂಪಗಾಗಿ, ಕಂದಾಗಿ, ಕರಕಲಾಗತೊಡಗಿದವು. ಇಬ್ಬರಿಗೂ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ವಕೀಲಮ್ಮ ಕಣ್ಣು ಬಿಟ್ಟಳು. ಎಲ್ಲಿದ್ದೇನೆಂದು ತಿಳಿಯದೆ ಸೂರು ನೋಡಿದಳು, ಮೂಟೆಗಳನ್ನು ನೋಡಿದಳು. ಮೂಗು ಅರಳಿಸಿದಳು.

"ತಾತ," ಎಂದಳು ಅರೆನಿದ್ದೆಯ ದನಿಯಲ್ಲಿ, "ಏನೋ ಸೀದ ವಾಸನೆ."

"ಹೌದಮ್ಮ," ಎಂದ ಬನ್ನಣ್ಣ. "ಸೀಯಲಿ ಬಿಡು."